27 ಲಕ್ಷದ ಬೆಂಗಳೂರು, 16 ಲಕ್ಷದ ದಾವಣಗೆರೆ: ಶುಕ್ರವಾರದೊಳಗೆ ಉತ್ತರ ಕೊಡಬೇಕು

ಹದಡಿ ರಸ್ತೆಯವನು · ಭಾನುವಾರ, ರಾತ್ರಿ 9:50

ಎಂಟು ವರ್ಷದ ಅನುಭವ, ಬ್ಯಾಕೆಂಡ್ ಕೆಲಸ, ಹೆಚ್ಚಾಗಿ ಜಾವಾ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ಗೆ ಎರಡು ದಿನ ಮೊದಲು ಒಂದು ಬ್ಯಾಗು ಹಿಡಿದು ದಾವಣಗೆರೆಗೆ ಬಂದವನು ಮತ್ತೆ ಬೆಂಗಳೂರಿನಲ್ಲಿ ಮನೆ ಮಾಡಲೇ ಇಲ್ಲ. ಈಗಿನ ಕಂಪನಿ ಸಣ್ಣದು. ಮನೆಯಿಂದಲೇ ಕೆಲಸ, ತಿಂಗಳಿಗೆ ಎರಡು ದಿನ ಮಾತ್ರ ಕಚೇರಿಗೆ ಹೋಗಿ ಮುಖ ತೋರಿಸಬೇಕು. ವಾರಕ್ಕೆ ಸುಮಾರು 42 ಗಂಟೆ. ಸಂಜೆ ಆರೂವರೆಗೆ ಲ್ಯಾಪ್‌ಟಾಪ್ ಮುಚ್ಚಿ ಮಗಳನ್ನು ಕರೆದುಕೊಂಡು ಕುಂದವಾಡ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕುತ್ತೇನೆ. ಸಂಬಳ 16 ಲಕ್ಷ. ಮೂರು ವರ್ಷದಿಂದ ಹೇಳಿಕೊಳ್ಳುವಂಥ ಏರಿಕೆ ಇಲ್ಲ.

ಈಗ ಬೆಂಗಳೂರಿನ ಒಂದು ದೊಡ್ಡ ಕಂಪನಿಯಿಂದ 27 ಲಕ್ಷದ ಆಫರ್ ಬಂದಿದೆ. ಹೊರ ವರ್ತುಲ ರಸ್ತೆಯಲ್ಲಿ ಕಚೇರಿ, ವಾರಕ್ಕೆ ಮೂರು ದಿನ ಹೋಗಲೇಬೇಕು. ನಾಲ್ಕು ವಾರಕ್ಕೊಮ್ಮೆ ಆನ್‌ಕಾಲ್, ಅಂದರೆ ಆ ವಾರ ಹಗಲು ರಾತ್ರಿ ಯಾವಾಗ ವ್ಯವಸ್ಥೆ ಕೆಟ್ಟು ಅಲರ್ಟ್ ಬಂದರೂ ಎದ್ದು ಸರಿಮಾಡಬೇಕು. ತಂಡದ ಅರ್ಧ ಜನ ಕ್ಯಾಲಿಫೋರ್ನಿಯಾದಲ್ಲಿದ್ದಾರೆ.

ಆಫರ್ ಪತ್ರವನ್ನು ಅಪ್ಪನಿಗೆ ತೋರಿಸಿದೆ. ನಲವತ್ತು ವರ್ಷ ಮೆಕ್ಕೆಜೋಳ ಬೆಳೆದು ಮಂಡಿಗೆ ಹಾಕಿದವರು ಅವರು. ಕನ್ನಡಕ ಹಾಕಿಕೊಂಡು ನೋಡಿ ಒಂದೇ ಪ್ರಶ್ನೆ ಕೇಳಿದರು: "ಇದರಲ್ಲಿ ತೇವಾಂಶ ಎಷ್ಟು?" ಜೋಳದಲ್ಲಿ ತೇವ ನೂರಕ್ಕೆ 14 ದಾಟಿದರೆ ದರ ಕಡಿಯುತ್ತಾರೆ. ಹಸಿ ಕಾಳಿನ ತೂಕ ನೋಡಿ ಹಿಗ್ಗಬಾರದು ಎನ್ನುವುದು ಅವರಿಗೆ ರಕ್ತದಲ್ಲೇ ಇದೆ. ಸರಿ, ಒಣಗಿಸಿ ತೂಗಿದೆ.

27ರಲ್ಲಿ 3 ಲಕ್ಷ ವೇರಿಯಬಲ್, ಅಂದರೆ ಪೂರ್ತಿ ಬಂದೇ ಬರುತ್ತದೆ ಎನ್ನುವಂತಿಲ್ಲ. 1.5 ಲಕ್ಷ ಜಾಯ್ನಿಂಗ್ ಬೋನಸ್, ಅದೂ ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕು. ಉಳಿದ 22.5 ಲಕ್ಷದೊಳಗೆ ಕಂಪನಿಯ ಪಾಲಿನ ಪಿಎಫ್ 1.2 ಲಕ್ಷ, ಗ್ರಾಚ್ಯುಟಿ ಸುಮಾರು 48 ಸಾವಿರ. ಇವನ್ನು ತೆಗೆದು, ನನ್ನ ಪಾಲಿನ ಪಿಎಫ್, 2025-26ರ ಹೊಸ ಪದ್ಧತಿಯ ಆದಾಯ ತೆರಿಗೆ, ವೃತ್ತಿ ತೆರಿಗೆ ಎಲ್ಲವನ್ನೂ ಕಳೆದರೆ ತಿಂಗಳಿಗೆ ಕೈಗೆ ಸುಮಾರು 1,45,800 ರೂಪಾಯಿ. ಈಗ ಬರುತ್ತಿರುವುದು 1,08,400. ವರ್ಷಕ್ಕೆ 11 ಲಕ್ಷ ಹೆಚ್ಚು, ಅಂದರೆ ತಿಂಗಳಿಗೆ 91 ಸಾವಿರ ಎಂದು ಮನಸ್ಸಿನಲ್ಲೇ ಕುಣಿದಿದ್ದೆ. ಒಣಗಿದ ಮೇಲೆ ಉಳಿದದ್ದು 37,400. ಅಲ್ಲಿ ನೋಡಿಬಂದ ಎರಡು ಕೋಣೆಯ ಮನೆಗೆ ಬಾಡಿಗೆಯೇ 38 ಸಾವಿರ. ಇಲ್ಲಿ ಸ್ವಂತ ಮನೆ.

ಆದರೂ ಬೇಡ ಎನ್ನಲು ಬಾಯಿ ಬರುತ್ತಿಲ್ಲ. ನನ್ನ ಜೊತೆ ಓದಿದವರ ಸಂಬಳ 40 ಲಕ್ಷ ದಾಟಿದೆ. ಇಂಥ ಸ್ಥಿತಿಯಲ್ಲಿ ನಿಂತು ನಿರ್ಧಾರ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಮಂಡಕ್ಕಿ ಮಿರ್ಚಿ · ಭಾನುವಾರ, ರಾತ್ರಿ 10:05

ಇದರಲ್ಲಿ ಯೋಚಿಸುವುದೇನಿದೆ? 38 ಸಾವಿರ ಬಾಡಿಗೆ ಕೊಟ್ಟು ಟ್ರಾಫಿಕ್ಕಿನಲ್ಲಿ ಕೂರುವುದಕ್ಕಿಂತ ಇಲ್ಲಿ ಬೆಣ್ಣೆ ದೋಸೆ ತಿಂದುಕೊಂಡು ಇರಿ.

ಲೆಕ್ಕದ ಪುಸ್ತಕ · ಭಾನುವಾರ, ರಾತ್ರಿ 10:31

ದೋಸೆಯಿಂದ ಸಾಲದ ಕಂತು ಕಟ್ಟಲು ಬರುವುದಿಲ್ಲ. ಒಣಗಿಸುವ ಲೆಕ್ಕ ಚೆನ್ನಾಗಿದೆ, ಆದರೆ ಕಾಳನ್ನೂ ಸ್ವಲ್ಪ ತೂರಿಬಿಟ್ಟಿದ್ದೀರಿ. ಪಿಎಫ್ ಕಳೆದುಹೋದ ಹಣವಲ್ಲ. ಎರಡೂ ಪಾಲು ಸೇರಿದರೆ ಹೊಸದರಲ್ಲಿ ವರ್ಷಕ್ಕೆ 2.4 ಲಕ್ಷ, ಹಳೆಯದರಲ್ಲಿ 1.68 ಲಕ್ಷ. ಅಲ್ಲಿಗೆ 72 ಸಾವಿರ ಹೆಚ್ಚು ಉಳಿತಾಯ. ವೇರಿಯಬಲ್ ಪೂರ್ತಿ ಕೊಟ್ಟರೆ ತೆರಿಗೆ ಹೋಗಿ 2.2 ಲಕ್ಷ ಬರುತ್ತದೆ. ಗ್ರಾಚ್ಯುಟಿಯನ್ನು ಮಾತ್ರ ಮರೆತುಬಿಡಿ. ಐದು ವರ್ಷ ಒಂದೇ ಕಡೆ ನಿಲ್ಲುವವರು ನಮ್ಮಲ್ಲಿ ಎಷ್ಟು ಜನ?

ಇನ್ನೊಂದು ಲೆಕ್ಕವನ್ನೂ ಮಾಡಿನೋಡಿದೆ. ಈಗ ವಾರಕ್ಕೆ 42 ಗಂಟೆ ಎಂದಿರಿ. ಗಂಟೆಗೆ ಸುಮಾರು 596 ರೂಪಾಯಿ ಬೀಳುತ್ತದೆ. ಹೊಸ ಕೆಲಸ 50 ಗಂಟೆ ಎಂದುಕೊಳ್ಳೋಣ, ಮೂರು ದಿನದ ಓಡಾಟ 9 ಗಂಟೆ. ವಾರಕ್ಕೆ 59. ಗಂಟೆಗೆ 570. ಬಡ್ತಿ ಎಂದು ಸಿಹಿ ಹಂಚಿ, ಗಂಟೆಯ ಕೂಲಿಯನ್ನು 26 ರೂಪಾಯಿ ಇಳಿಸಿಕೊಂಡ ಹಾಗೆ. ಆನ್‌ಕಾಲ್ ಇನ್ನೂ ಸೇರಿಸಿಲ್ಲ.

ತಣ್ಣೀರು ದೋಣಿ · ಭಾನುವಾರ, ರಾತ್ರಿ 11:20

ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ಗಂಟೆಯ ಲೆಕ್ಕ ಕೇಳಲು ಇಂಪು, ಆದರೆ ಸಂಜೆ ಆರೂವರೆಯಿಂದ ಎಂಟೂವರೆವರೆಗಿನ ಎರಡು ಗಂಟೆಗಳನ್ನು 596ರಂತೆ ಕೊಳ್ಳುವವರು ಯಾರೂ ಇಲ್ಲ. ಬಿಡುವಿನ ಗಂಟೆಗೆ ಮಾರುಕಟ್ಟೆಯಲ್ಲಿ ಬೆಲೆ ಸೊನ್ನೆ. ಹಾಗಾಗಿ ಹಣದ ಅಗತ್ಯ ಇರುವವರಿಗೆ ಸರಾಸರಿ ಕೂಲಿ ಮುಖ್ಯವಲ್ಲ, ತಿಂಗಳ ಕೊನೆಗೆ ಬರುವ ಮೊತ್ತ ಮುಖ್ಯ.

ನನ್ನ ಕಥೆ ಹೇಳುತ್ತೇನೆ. ತಂದೆಗೆ ಚಳ್ಳಕೆರೆ ಕಡೆ ಶೇಂಗಾ ಹೊಲ. ನಾಲ್ಕು ಕೊಳವೆಬಾವಿ ಕೊರೆಸಿದ್ದರು, ನಾಲ್ಕರಲ್ಲೂ ಧೂಳು. ನಾನು ಕೆಲಸಕ್ಕೆ ಸೇರಿದಾಗ ಮನೆಯ ಮೇಲೆ 14 ಲಕ್ಷ ಸಾಲವಿತ್ತು. ಆರು ವರ್ಷ ಬೆಂಗಳೂರಿನಲ್ಲಿ ಹೆಚ್ಚು ಸಂಬಳ ಕೊಡುವ ಕಡೆಗೇ ಹಾರುತ್ತಾ ಹೋದೆ. ಒಂದು ಕಡೆ ರಾತ್ರಿ ಎರಡಕ್ಕೆ ಮಲಗುವುದು ಮಾಮೂಲಾಗಿತ್ತು. ಸಾಲ ತೀರಿತು, ತಂಗಿಯ ಮದುವೆ ಆಯಿತು, ದುರ್ಗದಲ್ಲಿ ನಿವೇಶನ ಬಂತು. ಈಗ 19 ಲಕ್ಷಕ್ಕೆ ಮನೆಯಿಂದ ಕೆಲಸ ಮಾಡುತ್ತಾ ಭಾನುವಾರ ಚಂದ್ರವಳ್ಳಿಗೆ ಹೋಗಿ ಕಲ್ಲಿನ ಮೇಲೆ ಕೂರುತ್ತೇನೆ. ಈ ಕಲ್ಲಿನ ಮೇಲಿನ ನೆಮ್ಮದಿಯನ್ನು ಕೊಂಡದ್ದು ಆ ಆರು ವರ್ಷದ ಸಂಬಳ. ಸ್ವಂತ ಮನೆ, ಸಾಲವಿಲ್ಲದ ಅಪ್ಪ ಇದ್ದವರು "ಹಣವೇ ಎಲ್ಲವೂ ಅಲ್ಲ" ಎಂದಾಗ ನನಗೆ ಸ್ವಲ್ಪ ಉರಿಯುತ್ತದೆ. ಕ್ಷಮಿಸಿ.

ಇನ್ನೊಂದು ವಿಷಯ. ನಮ್ಮಲ್ಲಿ ಮುಂದಿನ ಕಂಪನಿ ಮೊದಲು ಕೇಳುವುದು "ಈಗ ಎಷ್ಟು ಬರುತ್ತಿದೆ" ಎಂದು. ಅದರ ಮೇಲೆ ನೂರಕ್ಕೆ 30 ಸೇರಿಸಿ ದೊಡ್ಡ ಉಪಕಾರ ಮಾಡಿದಂತೆ ಮುಖ ಮಾಡುತ್ತಾರೆ. 16ರ ಮೇಲೆ 30 ಸೇರಿಸಿದರೆ 20.8. 27ರ ಮೇಲೆ 35. ಇವತ್ತಿನ ಸಂಬಳ ಇವತ್ತಿಗಷ್ಟೇ ಅಲ್ಲ, ಮುಂದಿನ ಎರಡು ಕೆಲಸಗಳಿಗೂ ಅದೇ ಪಾಯ. ಮೂರು ವರ್ಷ ಏರಿಕೆ ಇಲ್ಲದೆ ಕೂತದ್ದರ ಬೆಲೆಯನ್ನು ಯಾರೂ ಲೆಕ್ಕ ಹಾಕಿಲ್ಲ.

ಹದಡಿ ರಸ್ತೆಯವನು · ಸೋಮವಾರ, ಬೆಳಗ್ಗೆ 7:15

ಮೇಡಂ, ಕ್ಷಮೆ ಏಕೆ? ನನಗೆ ನಿದ್ದೆ ಬಾರದಂತೆ ಮಾಡಿದ್ದು ಆ ಪಾಯದ ಮಾತೇ.

ಪೇಜರ್ ಗಾಯಾಳು · ಸೋಮವಾರ, ಬೆಳಗ್ಗೆ 8:40

ಆನ್‌ಕಾಲ್ ಬಗ್ಗೆ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಿಮ್ಮ ಇಡೀ ಪ್ರಶ್ನೆ ಅಲ್ಲಿದೆ.

ಐದು ವರ್ಷ ಪಾವತಿ ವ್ಯವಸ್ಥೆಯೊಂದರ ಆನ್‌ಕಾಲ್ ಮಾಡಿದ್ದೇನೆ. ನಾಲ್ಕು ವಾರಕ್ಕೊಮ್ಮೆ ಎಂದರೆ ತಂಡದಲ್ಲಿ ನಾಲ್ಕೇ ಜನ ಇದ್ದಾರೆ ಎಂದರ್ಥ. ಒಬ್ಬರು ಬಿಟ್ಟರೆ ಮೂರು ವಾರಕ್ಕೊಮ್ಮೆ. ಒಬ್ಬರು ಹೆರಿಗೆ ರಜೆಗೆ ಹೋದರೆ ಎರಡು ವಾರಕ್ಕೊಮ್ಮೆ. ಆ ವಾರ ನೀವು ಕೆಲಸ ಮಾಡುವ ಗಂಟೆ ಕಡಿಮೆಯೇ ಇರಬಹುದು, ಆದರೆ ಒಂದು ಗಂಟೆಯೂ ನಿಮ್ಮದಲ್ಲ. ಮದುವೆ ಊಟಕ್ಕೆ ಲ್ಯಾಪ್‌ಟಾಪ್ ಹೊತ್ತು ಹೋಗಿ, ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಹೊತ್ತಿಗೆ ಎದ್ದು ಕಲ್ಯಾಣಮಂಟಪದ ಅಡುಗೆಮನೆಯ ಹಿಂದೆ ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕೂತು ಡೇಟಾಬೇಸ್ ಸರಿಮಾಡಿದವನು ನಾನು. ಹತ್ತೇ ನಿಮಿಷದ ಕೆಲಸ. ಟೈಮ್‌ಶೀಟಿನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ. ಅಕ್ಕನ ಮನೆಯವರು ಮಾತ್ರ ಇವತ್ತಿಗೂ ಅದನ್ನೇ ಹೇಳುತ್ತಾರೆ.

ಎಚ್‌ಆರ್ ಅವರನ್ನು ಕೇಳಬೇಡಿ, ಅವರು "ತುಂಬಾ ಸಮತೋಲನ ಇದೆ" ಎನ್ನುತ್ತಾರೆ. ನಿಮ್ಮ ಜೊತೆ ಅದೇ ಸರದಿಯಲ್ಲಿ ಇರಬೇಕಾದ ಇಂಜಿನಿಯರ್ ಜೊತೆ ಇಪ್ಪತ್ತು ನಿಮಿಷ ಮಾತನಾಡಿಸಿ ಎಂದು ಕೇಳಿ. ಆ ಮನುಷ್ಯನಿಗೆ ಕೇಳಬೇಕಾದದ್ದು: ಕಳೆದ ಸರದಿಯಲ್ಲಿ ರಾತ್ರಿ 11ರಿಂದ ಬೆಳಗ್ಗೆ 6ರೊಳಗೆ ಎಷ್ಟು ಅಲರ್ಟ್ ಬಂದವು? ಅದೇ ಅಲರ್ಟ್ ಎರಡನೇ ಸಲ ಬಂದರೆ ಅದರ ಮೂಲವನ್ನು ಸರಿಪಡಿಸಲು ಸಮಯ ಕೊಡುತ್ತಾರೋ, ಇಲ್ಲ ಹೊಸ ಫೀಚರ್ ಮೊದಲು ಎನ್ನುತ್ತಾರೋ? ರಾತ್ರಿ ಎದ್ದ ಮರುದಿನ ತಡವಾಗಿ ಬಂದರೆ ಯಾರಾದರೂ ಹುಬ್ಬೇರಿಸುತ್ತಾರೋ? ಮಾತನಾಡಿಸಲು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ರಾತ್ರಿ ಪಾಳಿ · ಸೋಮವಾರ, ಬೆಳಗ್ಗೆ 9:02

ಕ್ಯಾಲಿಫೋರ್ನಿಯಾ ಎಂದಿರಿ. ಅವರ ಬೆಳಗ್ಗೆ 9 ನಮಗೆ ಬೇಸಿಗೆಯಲ್ಲಿ ರಾತ್ರಿ 9:30. ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ನಮಗೆ ಅದೇ ಸಭೆ 10:30 ಆಗುತ್ತದೆ. ಮಾರ್ಚ್‌ನ ಎರಡನೇ ಭಾನುವಾರದವರೆಗೂ ಹಾಗೆಯೇ. ಅವರು ಒಂದು ಗಂಟೆ ಹೆಚ್ಚು ಮಲಗಿದ ಸಂಭ್ರಮದಲ್ಲಿರುವಾಗ ನಾವು ಒಂದು ಗಂಟೆ ಹೆಚ್ಚು ಎಚ್ಚರ. ನನ್ನ ಮಗನಿಗೆ ಚಳಿಗಾಲ ಎಂದರೆ ಅಪ್ಪ ಕಥೆ ಹೇಳದ ಕಾಲ.

ಹಳೇ ಗಿರಣಿ · ಸೋಮವಾರ, ಮಧ್ಯಾಹ್ನ 1:30

ನಾನು ಸಾಫ್ಟ್‌ವೇರ್‌ನವನಲ್ಲ, ಮಗಳು ಆ ಕೆಲಸದಲ್ಲಿದ್ದಾಳೆ. ಓದುತ್ತಾ ನಮ್ಮ ತಂದೆ ನೆನಪಾದರು.

ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದ ಕಾಲದಲ್ಲಿ ಅವರು ಹತ್ತಿ ಗಿರಣಿಯಲ್ಲಿ ನೂಲುವ ವಿಭಾಗದಲ್ಲಿದ್ದರು. ಪಾಳಿ ಮುಗಿದ ಕೂಗು ಊರಿಗೆಲ್ಲ ಕೇಳುತ್ತಿತ್ತು. ಅಮ್ಮ ಅದನ್ನು ಕೇಳಿ ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದಳು. ಕೂಗು ಆದ ಮೇಲೆ ಮಾಲೀಕನೇ ಬಂದು ಕರೆದರೂ ತಂದೆ ಹೋಗುತ್ತಿರಲಿಲ್ಲ. ಮೈ ತುಂಬಾ ಹತ್ತಿಯ ಎಳೆ, ಕಿವಿ ಅರ್ಧ ಮಂದ, ಆದರೆ ಸಂಜೆ ಪೂರ್ತಿ ಅವರದು. ನನ್ನ ಮಗಳ ಮೊಬೈಲ್ ಕೂಗುವುದು ಕೆಲಸ ಶುರುಮಾಡಲು ಮಾತ್ರ. ಮುಗಿಯಿತು ಎಂದು ಅದು ಒಮ್ಮೆಯೂ ಕೂಗಿದ್ದನ್ನು ನಾನು ಕೇಳಿಲ್ಲ.

ಆದರೆ ಪೂರ್ತಿ ಹೇಳಬೇಕು. ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ತಂದೆಯ ಕೈಯಲ್ಲಿ ಉಳಿತಾಯ ಎನ್ನುವುದು ಏನೂ ಇರಲಿಲ್ಲ. ಬಾಕಿ ಹಣಕ್ಕೆ ವರ್ಷಗಟ್ಟಲೆ ಅಲೆದರು. ಸಂಜೆಗಳೆಲ್ಲ ಅವರದೇ ಆಗಿದ್ದವು, ಆಗ ಹಗಲುಗಳೂ ಅವರದೇ ಆದವು. ಚಿತ್ರದುರ್ಗದ ಆ ಹೆಣ್ಣುಮಗಳು ಬರೆದದ್ದರಲ್ಲಿ ತಪ್ಪಿಲ್ಲ.

ಕಾನೂನು ಕಟ್ಟೆ · ಸೋಮವಾರ, ಸಂಜೆ 6:10

ಗಿರಣಿಯ ಕೂಗಿನ ಹಿಂದೆ ಕಾನೂನು ಇತ್ತು. ನಮಗೂ ಇದೆ, ಯಾರೂ ಓದುವುದಿಲ್ಲ ಅಷ್ಟೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಐಟಿ ಕಂಪನಿಗಳಿಗೂ ಅನ್ವಯಿಸುತ್ತದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48. ಹೆಚ್ಚುವರಿ ಕೆಲಸ ಸೇರಿಯೂ ದಿನಕ್ಕೆ 10 ದಾಟುವಂತಿಲ್ಲ, ಮೂರು ತಿಂಗಳಿಗೆ 50 ಹೆಚ್ಚುವರಿ ಗಂಟೆಯೇ ಮಿತಿ, ಅದಕ್ಕೆ ದುಪ್ಪಟ್ಟು ಕೂಲಿ. ಈ ವೇದಿಕೆಯಲ್ಲಿ ದುಪ್ಪಟ್ಟು ಕೂಲಿ ಪಡೆದ ಸಾಫ್ಟ್‌ವೇರ್ ಇಂಜಿನಿಯರ್ ಯಾರಾದರೂ ಇದ್ದರೆ ಕೈ ಎತ್ತಲಿ. 2024ರ ಜುಲೈನಲ್ಲಿ ಐಟಿ ವಲಯಕ್ಕೆ ದಿನದ ಮಿತಿಯನ್ನು 12 ಗಂಟೆ ದಾಟಿಸುವ, ಮೂರು ತಿಂಗಳ ಹೆಚ್ಚುವರಿಯನ್ನು 125 ಗಂಟೆಗೆ ಏರಿಸುವ ಪ್ರಸ್ತಾವ ಬಂದಾಗ ನೌಕರರ ಸಂಘ ಬೀದಿಗಿಳಿಯಿತು. ನಮ್ಮಲ್ಲಿ ಹೆಚ್ಚಿನವರು ಆ ದಿನವೂ ಸಭೆಯಲ್ಲಿದ್ದರು.

ಮಂಡಕ್ಕಿ ಮಿರ್ಚಿ · ಸೋಮವಾರ, ಸಂಜೆ 6:25

ವಾರಕ್ಕೆ 70 ಗಂಟೆ ದುಡಿಯಿರಿ ಎಂದು ನಾರಾಯಣಮೂರ್ತಿಯವರು 2023ರಲ್ಲಿ ಹೇಳಿದ್ದಾರೆ. ನೀವು 1961ರಲ್ಲೇ ನಿಂತಿದ್ದೀರಿ.

ಬಿ.ಪಿ. ಮಾತ್ರೆ · ಸೋಮವಾರ, ಸಂಜೆ 7:00

ತಮಾಷೆ ಸಾಕು. ನನಗೆ 36ನೇ ವಯಸ್ಸಿಗೆ ರಕ್ತದೊತ್ತಡದ ಮಾತ್ರೆ. ವೈದ್ಯರು ಮೊದಲು ಕೇಳಿದ್ದು ಉಪ್ಪಿನ ಬಗ್ಗೆ ಅಲ್ಲ, ಕೆಲಸದ ಗಂಟೆಗಳ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ, ವಾರಕ್ಕೆ 55 ಅಥವಾ ಹೆಚ್ಚು ಗಂಟೆ ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡ 35ರಷ್ಟು ಹೆಚ್ಚು. ಲೆಕ್ಕದ ಪುಸ್ತಕದವರ 59 ಗಂಟೆಯಲ್ಲಿ ಓಡಾಟವೂ ಸೇರಿದೆ, ಒಪ್ಪುತ್ತೇನೆ. ಆದರೆ ಬೆಳ್ಳಂದೂರಿನ ಸಿಗ್ನಲ್ಲಿನಲ್ಲಿ ನಿಂತವನ ರಕ್ತದೊತ್ತಡಕ್ಕೆ ಆ ವ್ಯತ್ಯಾಸ ತಿಳಿಯುತ್ತದೆಯೇ?

ಎಂಸಿಸಿ ಬಿ ಬ್ಲಾಕ್ · ಸೋಮವಾರ, ರಾತ್ರಿ 9:15

ಎರಡು ದಿನದಿಂದ ಓದುತ್ತಿದ್ದೇನೆ. ಪಿಎಫ್ ಬಂತು, ಗ್ರಾಚ್ಯುಟಿ ಬಂತು, ಕ್ಯಾಲಿಫೋರ್ನಿಯಾದ ಗಡಿಯಾರವೂ ಬಂತು. ಪ್ರಶ್ನೆ ಕೇಳಿದವರೇ, ನಿಮ್ಮ ಮಗಳ ತಾಯಿ ಏನು ಮಾಡುತ್ತಾರೆ? ಇಷ್ಟುದ್ದದ ಲೆಕ್ಕದಲ್ಲಿ ಅವರು ಒಂದು ಸಾಲಿನಲ್ಲೂ ಇಲ್ಲವಲ್ಲ.

ಮನೆಯಿಂದ ಕೆಲಸ ಎಂದರೆ ಸಮತೋಲನ ಎಂದು ಎಲ್ಲರೂ ಒಪ್ಪಿಕೊಂಡೇ ಮಾತನಾಡುತ್ತಿದ್ದೀರಿ. ನಾನೂ ಮನೆಯಿಂದಲೇ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ನನ್ನವರು ಬಾಗಿಲು ಹಾಕಿಕೊಂಡರೆ "ಅವನು ಕೆಲಸದಲ್ಲಿದ್ದಾನೆ", ನಾನು ಹಾಕಿಕೊಂಡರೆ "ಒಳಗೇನು ಮಾಡುತ್ತಿದ್ದಾಳೆ". ಗ್ಯಾಸ್ ಸಿಲಿಂಡರ್ ಬಂದರೆ, ಅತ್ತೆಯವರ ಮಾತ್ರೆಯ ಹೊತ್ತಾದರೆ, ನೆಂಟರು ಬಂದು ಕಾಫಿ ಕೇಳಿದರೆ ಏಳಬೇಕಾದವಳು ನಾನು. ಹಾಗೆ ಹೋದ ಗಂಟೆಗಳನ್ನು ರಾತ್ರಿ ಹತ್ತರ ಮೇಲೆ ತುಂಬಿಸುತ್ತೇನೆ. ಸತ್ಯ ಹೇಳುತ್ತೇನೆ, ಕಚೇರಿಗೆ ಕರೆದರೆ ಕುಣಿದುಕೊಂಡು ಹೋಗುತ್ತೇನೆ. ಅಲ್ಲಿ ಕಾಫಿಯನ್ನು ಯಂತ್ರ ಮಾಡುತ್ತದೆ.

ಹದಡಿ ರಸ್ತೆಯವನು · ಸೋಮವಾರ, ರಾತ್ರಿ 10:48

ತಲೆ ತಗ್ಗಿಸಿ ಬರೆಯುತ್ತಿದ್ದೇನೆ. ಅವಳು ಇಲ್ಲಿಯ ಒಂದು ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಸಂಬಳ ತಿಂಗಳಿಗೆ 34 ಸಾವಿರ. ಹೋದರೆ ಬಿಡಬೇಕಾಗುತ್ತದೆ. ನಾನು ಅದನ್ನು ಬರೆಯಬಾರದು ಎಂದು ಬಿಟ್ಟದ್ದಲ್ಲ. ಹೊಳೆಯಲೇ ಇಲ್ಲ. ಅದು ಇನ್ನೂ ಕೆಟ್ಟದ್ದು ಎಂದು ನನಗೂ ಗೊತ್ತು.

ಲೆಕ್ಕದ ಪುಸ್ತಕ · ಸೋಮವಾರ, ರಾತ್ರಿ 10:55

ಹಾಗಾದರೆ 37,400ರಲ್ಲಿ 34,000 ಹೋಯಿತು. ಉಳಿದದ್ದು 3,400. ಅದರಲ್ಲಿ 38 ಸಾವಿರ ಬಾಡಿಗೆ ಕಟ್ಟಿ. ನಿಮ್ಮ ತಂದೆಯವರ ಪ್ರಶ್ನೆಗೆ ಈಗ ಉತ್ತರ ಸಿಕ್ಕಿತು. ಇದು ಕಾಳೇ ಅಲ್ಲ, ಪೂರ್ತಿ ನೀರು.

ತಣ್ಣೀರು ದೋಣಿ · ಮಂಗಳವಾರ, ಬೆಳಗ್ಗೆ 6:50

ಈ ಮಾಹಿತಿಯ ಮೇಲೆ ನಾನೂ ಹೋಗಿ ಎನ್ನುವುದಿಲ್ಲ. ಆದರೆ ಪಾಯದ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಇಲ್ಲೇ ಇರುವುದಾದರೆ 16ಕ್ಕೆ ಇರಬೇಡಿ.

ಯುಬಿಡಿಟಿ ಹಿಂಬೆಂಚು · ಮಂಗಳವಾರ, ಮಧ್ಯಾಹ್ನ 12:20

ಅಣ್ಣಂದಿರೇ, ಅಕ್ಕಂದಿರೇ, ನಾನು ಹೋದ ವರ್ಷ ಪಾಸಾದವನು. ಸೇವಾ ಕಂಪನಿಯೊಂದರಲ್ಲಿ ಮೂರೂವರೆ ಲಕ್ಷ. ನನಗಿಂತ ಹತ್ತು ವರ್ಷ ಹಿರಿಯರು ಸೇರಿದಾಗಲೂ ಹೆಚ್ಚುಕಡಿಮೆ ಇಷ್ಟೇ ಇತ್ತಂತೆ. ಬೆಂಗಳೂರಿನ ಪಿಜಿಯಲ್ಲಿ ಮೂವರಿಗೆ ಒಂದು ಕೋಣೆ. ರಾತ್ರಿ ಹತ್ತರವರೆಗೂ ಕೆಲಸ. ಹಣ ಬೇಕೋ ಬಿಡುವು ಬೇಕೋ ಎಂದು ನೀವು ತೂಗುತ್ತಿದ್ದೀರಿ. ಎರಡೂ ಇಲ್ಲದವನು ತಕ್ಕಡಿಯಲ್ಲಿ ಏನಿಡಬೇಕು?

ಪೇಜರ್ ಗಾಯಾಳು · ಮಂಗಳವಾರ, ಮಧ್ಯಾಹ್ನ 12:45

ತಮ್ಮಾ, ನಿನ್ನ ಹಂತದಲ್ಲಿ ನೋಡಬೇಕಾದದ್ದು ಮೂರನೆಯದು. ಆ ರಾತ್ರಿ ಹತ್ತರವರೆಗೆ ನೀನು ಏನು ಕಲಿಯುತ್ತಿದ್ದೀಯಾ? ಎಕ್ಸೆಲ್ ಹಾಳೆ ತುಂಬಿಸುತ್ತಿದ್ದರೆ ಆರು ತಿಂಗಳು ಗಡುವು ಇಟ್ಟುಕೊಂಡು ಬೇರೆ ಕಡೆ ನೋಡು. ನಿಜವಾದ ಕೋಡ್ ಮುಟ್ಟಲು ಬಿಡುತ್ತಿದ್ದರೆ ಒಂದೂವರೆ ವರ್ಷ ಹಲ್ಲು ಕಚ್ಚು. ನೋಟಿಸ್ ಅವಧಿ 90 ದಿನ ಇದೆಯೇ ಎಂದು ಈಗಲೇ ನೋಡಿಕೊ. ಹೊಸ ಕಂಪನಿ 30 ದಿನದಲ್ಲಿ ಬಾ ಎಂದಾಗ ಆ 90 ದಿನ ಕೊರಳಿಗೆ ಗುಂಡುಕಲ್ಲು.

ಹದಡಿ ರಸ್ತೆಯವನು · ಶನಿವಾರ, ಬೆಳಗ್ಗೆ 11:10

ಏನಾಯಿತು ಎಂದು ನಾಲ್ಕು ಜನ ಖಾಸಗಿಯಾಗಿ ಕೇಳಿದ್ದೀರಿ. ಇಲ್ಲೇ ಬರೆಯುತ್ತೇನೆ.

ಮಂಗಳವಾರ ರಾತ್ರಿ ಅವಳ ಮುಂದೆ ಈ ಚರ್ಚೆಯನ್ನೇ ಇಟ್ಟೆ. ಪೂರ್ತಿ ಓದಿದಳು. "ನನ್ನ 34 ಸಾವಿರವನ್ನು ಯಾರೋ ನೆನಪಿಸಬೇಕಾಯಿತು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ನನಗೆ ಬೆಂಗಳೂರು ಬೇಡ ಎಂದು ನಾನು ಯಾವತ್ತು ಹೇಳಿದೆ? ಅಲ್ಲಿ ಪಿಎಚ್‌ಡಿ ಮಾಡಬೇಕು ಎಂದು ಮದುವೆಗೆ ಮೊದಲು ಹೇಳಿದ್ದೆ, ನಿಮಗೆ ನೆನಪಿಲ್ಲ" ಎಂದಳು. ನಿಜವಾಗಿಯೂ ನೆನಪಿರಲಿಲ್ಲ. ನಾನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ ಸಂಜೆಗಳು ನನ್ನವು ಮಾತ್ರ ಆಗಿದ್ದವೋ ಏನೋ. ಆ ಮಾತು ಇನ್ನೂ ಮುಗಿದಿಲ್ಲ, ಅದನ್ನು ಇಲ್ಲಿ ಬರೆಯುವುದೂ ಇಲ್ಲ.

ಬುಧವಾರ ಆ ಕಂಪನಿಯವರನ್ನು ಒತ್ತಾಯ ಮಾಡಿ, ಸರದಿಯಲ್ಲಿರುವ ಒಬ್ಬರ ಜೊತೆ ಮಾತನಾಡಿದೆ. ಪ್ರಾಮಾಣಿಕ ಮನುಷ್ಯ. ಕಳೆದ ಸರದಿಯಲ್ಲಿ ರಾತ್ರಿ ಹನ್ನೊಂದು ಅಲರ್ಟ್, ಅದರಲ್ಲಿ ಏಳು ಒಂದೇ ಕಾರಣಕ್ಕೆ. ಆ ಕಾರಣ ಎಷ್ಟು ಕಾಲದಿಂದ ಇದೆ ಎಂದೆ. ನಕ್ಕರು. "ನಾನು ಸೇರುವ ಮೊದಲಿನಿಂದ" ಎಂದರು.

ಗುರುವಾರ ಬೇಡ ಎಂದು ಬರೆದು ಕಳುಹಿಸಿದೆ. ಮೂರು ಸಲ ಫೋನ್ ಬಂತು. ಮೂರನೇ ಸಲ ಜಾಯ್ನಿಂಗ್ ಬೋನಸ್ಸಿಗೆ ಇನ್ನೊಂದು ಲಕ್ಷ ಸೇರಿಸಿದರು. ಅದನ್ನು ಮೂಲ ಸಂಬಳಕ್ಕೆ ಸೇರಿಸಿ, ಆನ್‌ಕಾಲ್‌ಗೆ ಆರು ಜನ ಮಾಡಿ ಎಂದೆ. ನಾಲ್ಕನೇ ಸಲ ಫೋನ್ ಬರಲಿಲ್ಲ.

ತಣ್ಣೀರು ದೋಣಿ ಮೇಡಂ, ನಿಮ್ಮ ಮಾತಿನಂತೆ ಈಗಿನ ಮ್ಯಾನೇಜರ್ ಮುಂದೆ ಆ ಆಫರನ್ನು ಇಟ್ಟೆ. 18.5 ಎಂದರು. ಒಪ್ಪಿದೆ, ಆದರೆ ಹುಡುಕುವುದನ್ನು ನಿಲ್ಲಿಸಿಲ್ಲ. ಸರಿಯಾದದ್ದು ಸಿಕ್ಕರೆ ಬೆಂಗಳೂರೂ ಆಗಬಹುದು. ಆಗ ನಮ್ಮ ಹಾಳೆಯಲ್ಲಿ ಎರಡು ಕಾಲಂ ಇರುತ್ತದೆ. 40 ದಾಟಿದ ಗೆಳೆಯರ ಬಗ್ಗೆ ಹೊಟ್ಟೆಯುರಿ ಹೋಯಿತೇ ಎಂದರೆ, ಇಲ್ಲ.

ಯುಬಿಡಿಟಿ ಹಿಂಬೆಂಚು · ಶನಿವಾರ, ಬೆಳಗ್ಗೆ 11:32

ಅಣ್ಣ, ನಿಮ್ಮದು ಜಾವಾ ಎಂದಿರಿ. ನನ್ನ ರೆಸ್ಯೂಮೆ ಒಮ್ಮೆ ನೋಡುತ್ತೀರಾ? ಈ ವಾರ ಊರಿಗೆ ಬಂದಿದ್ದೇನೆ.

ಹದಡಿ ರಸ್ತೆಯವನು · ಶನಿವಾರ, ಬೆಳಗ್ಗೆ 11:40

ನಾಳೆ ಬೆಳಗ್ಗೆ ಏಳಕ್ಕೆ ಕುಂದವಾಡ ಕೆರೆಯ ಹತ್ತಿರ ಬಾ. ಮುದ್ರಿಸಿ ತಾ, ಮೊಬೈಲಿನಲ್ಲಿ ಓದಲು ನನಗೆ ಆಗುವುದಿಲ್ಲ. ಸಂಬಳದ ಚೀಟಿಯನ್ನೂ ತಾ, ಒಣಗಿಸಿ ನೋಡೋಣ.